ನೈಫ್ ರೋಲ್‌ಗೆ ಚರ್ಮ ತರಿಸುವ ಮುಂಚೆ ಇದನ್ನೊಮ್ಮೆ ಓದಿ

ಫೋಟೋ ನೋಡಿ ಚರ್ಮ ತರಿಸಬೇಡಿ. ಅದರಲ್ಲೂ ಚಾಕು ಇಡುವ ರೋಲ್‌ಗಂತೂ ಬೇಡವೇ ಬೇಡ. ನಾನು ತರಿಸಿದೆ, ಅದರಲ್ಲೇ ಹೊಲಿದು ಕೊಟ್ಟೆ. ನನ್ನ ದುಡ್ಡು ಹೋದರೆ ಹೋಗಲಿ. ಒಬ್ಬ ಹುಡುಗನ ಬೆರಳಿಗೆ ಮೂರು ಹೊಲಿಗೆ ಬಿತ್ತು. ಅವನು ವರ್ಷವಿಡೀ ಕೂಡಿಟ್ಟು ಕೊಂಡಿದ್ದ ಚಾಕು ತುಕ್ಕು ಹಿಡಿಯಿತು. ಅದು ಮನಸ್ಸಿನಿಂದ ಹೋಗುತ್ತಿಲ್ಲ.

ನಾನು ದಾವಣಗೆರೆಯಲ್ಲಿ ಪಿ.ಬಿ. ರಸ್ತೆ ಹತ್ತಿರ ಸೀಟ್ ಕವರ್ ಹೊಲಿಯುವವನು. ಬೈಕ್, ಆಟೋ, ಕಾರು, ಎಲ್ಲ ಮಾಡುತ್ತೇನೆ. ರೆಕ್ಸಿನ್ ಕೆಲಸವೇ ಜಾಸ್ತಿ. ಐದಾರು ವರ್ಷದಿಂದ ಚರ್ಮದ ಬೆಲ್ಟು, ಪರ್ಸು, ಬ್ಯಾಗು ಕೂಡ ಮಾಡುತ್ತಿದ್ದೇನೆ. ಚರ್ಮದ ಬಗ್ಗೆ ನನಗೆ ಗೊತ್ತು ಅಂದುಕೊಂಡಿದ್ದೆ.

ಯುಗಾದಿಗೆ ಊರಿಗೆ ಬಂದಿದ್ದ ನಮ್ಮ ಬೀದಿಯ ಹುಡುಗ ಒಂದು ಟವಲ್ ಸುತ್ತಿಕೊಂಡು ಅಂಗಡಿಗೆ ಬಂದ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಈಗ ಮಂಗಳೂರಿನ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಟವಲ್ ಬಿಚ್ಚಿದರೆ ಒಳಗೆ ಆರು ಚಾಕು, ಒಂದು ಮಸೆಯುವ ಸಲಾಕೆ. ದೊಡ್ಡ ಅಡುಗೆಮನೆಗಳಲ್ಲಿ ಒಬ್ಬರ ಚಾಕು ಇನ್ನೊಬ್ಬರು ಮುಟ್ಟುವುದಿಲ್ಲವಂತೆ. ಅವರವರ ಕೈಗೆ ಒಗ್ಗುವ ಹಾಗೆ ಅವರವರೇ ಮಸೆದುಕೊಂಡಿರುತ್ತಾರೆ. "ಅಣ್ಣಾ, ಟವಲ್‌ನಲ್ಲಿ ಸುತ್ತಿಕೊಂಡು ಓಡಾಡಿ ಸಾಕಾಗಿದೆ. ಚರ್ಮದ್ದೊಂದು ರೋಲ್ ಮಾಡಿ ಕೊಡು. ದುಡ್ಡಿನ ಬಗ್ಗೆ ಯೋಚನೆ ಮಾಡಬೇಡ" ಅಂದ. 4,500 ರೂಪಾಯಿಗೆ ಒಪ್ಪಿಕೊಂಡೆವು.

ಚಾಕುಗಳನ್ನು ಪೇಪರ್ ಮೇಲೆ ಒಂದೊಂದಾಗಿ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಎಂಟು ಇಂಚಿನ ಶೆಫ್ ಚಾಕು ಹಿಡಿ ಸೇರಿ ಸುಮಾರು 33 ಸೆಂಟಿಮೀಟರ್ ಬಂತು. ಬ್ರೆಡ್ ಕುಯ್ಯುವ ಗರಗಸದ ಹಲ್ಲಿನದು ಅದಕ್ಕಿಂತ ಉದ್ದ. ಮೂಳೆಯಿಂದ ಮಾಂಸ ಬಿಡಿಸುವ ಸಣ್ಣ ಮೊನೆಯದೊಂದು, ಮೀನಿಗೆ ಬಳುಕುವ ಅಲಗಿನದೊಂದು, ತರಕಾರಿ ಸಿಪ್ಪೆಗೆ ಚಿಕ್ಕದೊಂದು. ಕೊನೆಯದನ್ನು ಅವನೇ ಎತ್ತಿ ಕೊಟ್ಟ. ಜಪಾನಿನದು, ಕಾರ್ಬನ್ ಸ್ಟೀಲ್. ನಾನು ಮುಟ್ಟಿದ ಜಾಗವನ್ನು ತಕ್ಷಣ ಬಟ್ಟೆಯಲ್ಲಿ ಒರೆಸಿದ. "ಇದು ಸ್ಟೇನ್‌ಲೆಸ್ ಅಲ್ಲ ಅಣ್ಣಾ. ಲಿಂಬೆಹಣ್ಣು ಹೆಚ್ಚಿ ಎರಡು ನಿಮಿಷ ಹಾಗೇ ಬಿಟ್ಟರೂ ಕಪ್ಪಾಗುತ್ತೆ" ಅಂದ.

ಆ ಮಾತನ್ನು ನಾನು ಗಟ್ಟಿಯಾಗಿ ಕಿವಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

ಚರ್ಮಕ್ಕೆ ಸಾಮಾನ್ಯವಾಗಿ ಬೆಂಗಳೂರಿಗೆ ಹೋಗುತ್ತೇನೆ. ಆಗ ಮದುವೆ ಸೀಸನ್, ಕಾರ್ ಕೆಲಸ ತುಂಬಾ ಇತ್ತು. ವಾಟ್ಸಾಪಿನಲ್ಲಿ ಒಬ್ಬ ಮಾರಾಟಗಾರ ಸಿಕ್ಕಿದ. ಫುಲ್ ಗ್ರೇನ್ (ಅಂದರೆ ಚರ್ಮದ ಮೇಲಿನ ಪದರ), ವೆಜಿಟೆಬಲ್ ಟ್ಯಾನ್ (ಅಂದರೆ ತೊಗಟೆ, ಕಾಯಿ ಹಾಕಿ ಹದ ಮಾಡಿದ್ದು), 2 ಎಂಎಂ ದಪ್ಪ, ಚದರಡಿಗೆ 110 ರೂಪಾಯಿ ಅಂದ. ವೀಡಿಯೋದಲ್ಲಿ ಕಡು ಕಂದು ಬಣ್ಣದ ಹಾಳೆಯನ್ನು ಬಗ್ಗಿಸಿ ತೋರಿಸಿದ. ಅಂಥ ಮಾಲಿಗೆ ನಾನೇ ಅದಕ್ಕೆ ದುಪ್ಪಟ್ಟು ಕೊಟ್ಟು ತಂದವನು. ಆದರೂ 12 ಚದರಡಿಗೆ ಪೂರ್ತಿ ದುಡ್ಡು ಮುಂಗಡ ಹಾಕಿದೆ. ಪಾರ್ಸೆಲ್ ಬಿಚ್ಚಿದಾಗ ಪೇಂಟ್ ವಾಸನೆ ಬಂತು. ಹೊಸ ಮಾಲು, ಗಾಳಿಗೆ ಇಟ್ಟರೆ ಹೋಗುತ್ತೆ ಅಂದುಕೊಂಡೆ. ನೋಡಲು ಮಾತ್ರ ಕನ್ನಡಿ ಹಾಗೆ ಹೊಳೆಯುತ್ತಿತ್ತು.

ರೋಲ್ ಚೆನ್ನಾಗಿಯೇ ಬಂತು. ಸೀಟ್ ಹೊಲಿಯುವ ಮೆಷಿನ್ನಿನಲ್ಲೇ ಹೊಲಿದೆ. ಹೊಲಿಗೆ ಒತ್ತಾಗಿದ್ದರೆ ಗಟ್ಟಿ ಅಂತ ರೆಕ್ಸಿನ್‌ಗೆ ಹಾಕುವ ಹಾಗೆ ಎರಡೂವರೆ ಮಿಲಿಮೀಟರಿಗೊಂದು ಹೊಲಿಗೆ ಹಾಕಿದೆ. ಆ ಹುಡುಗನ ಅಮ್ಮ ಬಂದು ನೋಡಿ, "ಎಷ್ಟ್ ಚಂದ ಮಾಡಿಯಪ್ಪಾ ತಮ್ಮ" ಅಂತ ಕೈಯಲ್ಲಿ ಸವರಿ ಸವರಿ ನೋಡಿದರು. ಮೇ ತಿಂಗಳಲ್ಲಿ ರೋಲ್ ಮಂಗಳೂರಿಗೆ ಹೋಯಿತು.

ಜುಲೈ ಕೊನೆಗೆ ಫೋನ್ ಬಂತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. ಬಸ್ಸಿಳಿದು ರೋಲನ್ನು ಕಂಕುಳಲ್ಲಿ ಹಿಡಿದು ನಡೆಯುವಾಗ ತಳದ ಹೊಲಿಗೆ ಬಿಟ್ಟು, ಮೂಳೆ ಬಿಡಿಸುವ ಚಾಕುವಿನ ಮೊನೆ ಹೊರಗೆ ಬಂದಿದೆ. ಇನ್ನೊಂದು ಕೈಯಲ್ಲಿ ಸರಿಮಾಡಲು ಹೋದಾಗ ತೋರುಬೆರಳು ಕುಯ್ದುಕೊಂಡಿದ್ದಾನೆ. ಐದು ದಿನ ಚಾಕು ಹಿಡಿಯುವ ಹಾಗಿಲ್ಲ. ಅದಾದ ಮೇಲೆ ಮೆಲ್ಲಗೆ ಇನ್ನೊಂದು ಫೋಟೋ ಕಳಿಸಿದ. ಎರಡು ದಿನದ ರಜೆ ಮುಗಿಸಿ ಬಂದು ಲಾಕರ್ ತೆಗೆದರೆ, ಜಪಾನಿ ಚಾಕುವಿನ ಅಲಗಿನ ಉದ್ದಕ್ಕೂ ಎಳ್ಳು ಚೆಲ್ಲಿದ ಹಾಗೆ ತುಕ್ಕಿನ ಚುಕ್ಕೆ. ರೋಲ್ ಮಡಿಸುವ ಕಡೆಯೆಲ್ಲ ಮೇಲಿನ ಬಣ್ಣ ಹಾವಿನ ಪೊರೆ ಎದ್ದ ಹಾಗೆ ಎದ್ದಿತ್ತು.

ಮುಂದಿನ ವಾರ ಅವನು ಊರಿಗೆ ಬಂದಾಗ ರೋಲ್ ವಾಪಸ್ ತಗೊಂಡು ಹಳೇ ದಾವಣಗೆರೆ ಕಡೆ ಒಬ್ಬ ಅಜ್ಜನ ಹತ್ತಿರ ಹೋದೆ. ಐವತ್ತು ವರ್ಷದಿಂದ ಚಪ್ಪಲಿ ಹೊಲಿಯುತ್ತಿರುವವರು. ಅವರು ಕಣ್ಣಲ್ಲಿ ನೋಡುವ ಮೊದಲು ಮೂಗಿನ ಹತ್ತಿರ ಹಿಡಿದರು. ಆಮೇಲೆ ರಂಪಿಗೆ ತಗೊಂಡು ಅಂಚನ್ನು ಓರೆಯಾಗಿ ಕೆತ್ತಿದರು. ಮೇಲೆ ಪ್ಲಾಸ್ಟಿಕ್‌ನ ತೆಳು ಪೊರೆ, ಅದರ ಕೆಳಗೆ ನಾರು ನಾರು. ಬೆರಳಲ್ಲಿ ಎಳೆದರೆ ನಾರು ಉದುರುತ್ತಿತ್ತು. "ತಮ್ಮಾ, ಇದು ತೊಗಲೇನೋ ಹೌದು. ಆದ್ರ ಮೇಲಿನ ತೊಗಲಲ್ಲ, ಕೆಳಗಿಂದು. ಬಣ್ಣ ಬಳದು ಮೇಲಿಂದು ಮಾಡ್ಯಾರ" ಅಂದರು.

ವಿಷಯ ಏನೆಂದರೆ, ದನದ, ಎಮ್ಮೆಯ ಚರ್ಮ ದಪ್ಪ ಇರುತ್ತದೆ. ಮೆಷಿನ್ನಿನಲ್ಲಿ ಅದನ್ನು ಅಡ್ಡಲಾಗಿ ಸೀಳುತ್ತಾರೆ. ಕೂದಲಿದ್ದ ಕಡೆಯ ಮೇಲಿನ ಪದರದಲ್ಲಿ ನಾರುಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಚರ್ಮದ ಬಲ ಇರುವುದೇ ಅಲ್ಲಿ. ಅದರ ಮೇಲ್ಮೈಯನ್ನು ಉಜ್ಜದೆ ಹಾಗೇ ಉಳಿಸಿದ್ದಕ್ಕೆ ಫುಲ್ ಗ್ರೇನ್ ಅಂತಾರೆ. ಕೆಳಗಿನ ಪದರಕ್ಕೆ ಸ್ಪ್ಲಿಟ್ ಅಂತಾರೆ, ಅದರ ನಾರು ಸಡಿಲ. ಹತ್ತಿ ಮಿಲ್ಲು ಕಂಡ ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತೆ: ಮೇಲಿನದು ನೇಯ್ದ ಬಟ್ಟೆ, ಕೆಳಗಿನದು ಹಿಂಜಿದ ಅರಳೆ. ಸ್ಪ್ಲಿಟ್ ಚರ್ಮಕ್ಕೂ ಅದರದ್ದೇ ಉಪಯೋಗ ಇದೆ, ಗ್ಲೌಸು, ಶೂ ಒಳಗಿನ ಅಸ್ತರು, ಇಂಥವಕ್ಕೆ. ಅದನ್ನು ಅದರ ಹೆಸರಲ್ಲೇ ಮಾರಿದ್ದರೆ ನನ್ನದೇನೂ ತಕರಾರಿಲ್ಲ. ಜೆನ್ಯೂನ್ ಲೆದರ್ ಅನ್ನುವ ಮುದ್ರೆ ನೋಡಿಯೂ ಮೋಸ ಹೋಗಬೇಡಿ. ಸ್ಪ್ಲಿಟ್ ಕೂಡ ಚರ್ಮವೇ ಆದ್ದರಿಂದ ಅದರ ಮೇಲೂ ಆ ಮುದ್ರೆ ಇರುತ್ತದೆ.

ಹೊಲಿಗೆ ಬಿಟ್ಟದ್ದು ಮಾತ್ರ ನನ್ನದೇ ತಪ್ಪು, ಮಾರಿದವನ ಮೇಲೆ ಹಾಕುವುದಿಲ್ಲ. ಬಟ್ಟೆಗೆ ಸೂಜಿ ಚುಚ್ಚಿದರೆ ಎಳೆಗಳು ಪಕ್ಕಕ್ಕೆ ಸರಿದು ಮತ್ತೆ ಕೂಡುತ್ತವೆ. ಚರ್ಮದಲ್ಲಿ ಬಿದ್ದ ತೂತು ತೂತೇ. ಒತ್ತೊತ್ತಾಗಿ ಚುಚ್ಚಿದರೆ ಅಂಚೆಚೀಟಿಯ ಹಾಳೆ ಹರಿದ ಹಾಗೆ ಗೆರೆ ಹಿಡಿದು ಹರಿಯುತ್ತದೆ. ಅದರ ಮೇಲೆ ಒಳಗಿಂದ ಚಾಕುವಿನ ಮೊನೆ ದಿನಾ ಕುಟ್ಟುತ್ತಿದ್ದರೆ ಕೇಳಬೇಕೇ?

ತುಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಶೆಫ್‌ಗಳು ದಯವಿಟ್ಟು ಇದನ್ನು ಓದಿ. ಇವತ್ತು ಮಾರುಕಟ್ಟೆಗೆ ಬರುವ ಹೆಚ್ಚಿನ ಚರ್ಮ ಕ್ರೋಮ್‌ನಲ್ಲಿ ಹದ ಮಾಡಿದ್ದು. ಮೊದಲು ಚರ್ಮವನ್ನು ಉಪ್ಪು ಮತ್ತು ಆಸಿಡ್‌ನಲ್ಲಿ ನೆನೆಸುತ್ತಾರೆ, ಆಮೇಲೆ ಕ್ರೋಮಿಯಂ ಲವಣ ಕೊಡುತ್ತಾರೆ. ಎಷ್ಟೇ ತೊಳೆದರೂ ಆಸಿಡ್, ಉಪ್ಪಿನ ಅಂಶ ಸ್ವಲ್ಪ ಉಳಿದಿರುತ್ತದೆ. ಇನ್ನೊಂದು ನಮ್ಮ ಹಿಂದಿನವರ ದಾರಿ. ತಂಗಡಿ ಚಕ್ಕೆ, ಅಳಲೆಕಾಯಿ ಹಾಕಿ ವಾರಗಟ್ಟಲೆ ಹದ ಮಾಡುವುದು. ವೆಜಿಟೆಬಲ್ ಟ್ಯಾನ್ ಅಂದರೆ ಇದೇ. ಇದರ ವಾಸನೆ ಒಂದು ಸಲ ಮೂಗಿಗೆ ಬಿದ್ದರೆ ಮರೆಯುವುದಿಲ್ಲ, ಮರದ ತೊಗಟೆಯ ಹಾಗೆ. ಆದರೆ ಇದರಲ್ಲೂ ಹುಳಿ ಅಂಶ ಇದ್ದೇ ಇದೆ. ಯಾವ ಚರ್ಮವೇ ಆದರೂ ಗಾಳಿಯಲ್ಲಿನ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುವುದರಿಂದ ಅದು ಸ್ವಲ್ಪ ತಡೆದುಕೊಳ್ಳುತ್ತದೆ. ಕಾರ್ಬನ್ ಸ್ಟೀಲಿಗೆ ಆ ರಕ್ಷಣೆ ಇಲ್ಲ. ನಮ್ಮ ದಾವಣಗೆರೆಯ ಒಣ ಹವೆಯಲ್ಲಿ ಇನ್ನೂ ಕೆಲವು ದಿನ ತಳ್ಳುತ್ತಿತ್ತೇನೋ. ಮಂಗಳೂರಿನ ಮಳೆಗಾಲದಲ್ಲಿ, ಮುಚ್ಚಿದ ಲಾಕರಿನಲ್ಲಿ, ಬರಿ ಅಲಗು ಚರ್ಮಕ್ಕೆ ಅಂಟಿಕೊಂಡು ಕೂತರೆ ಎರಡು ದಿನ ಸಾಕು.

ಆದ್ದರಿಂದ ಚರ್ಮದ ರೋಲ್ ಇರುವುದು ಚಾಕು ಒಯ್ಯಲು, ಚಾಕು ಇಟ್ಟುಕೊಳ್ಳಲು ಅಲ್ಲ. ಈ ಒಂದು ಮಾತನ್ನು ರೋಲ್ ಕೊಡುವ ದಿನವೇ ನಾನು ಆ ಹುಡುಗನಿಗೆ ಹೇಳಬೇಕಿತ್ತು. ಮನೆಗೆ ಬಂದ ತಕ್ಷಣ ಬಿಚ್ಚಿ, ಚಾಕು ಹೊರಗೆ ತೆಗೆದು, ರೋಲನ್ನು ಗಾಳಿಗೆ ಹರಡಬೇಕು. ಒದ್ದೆ ಚಾಕು ಒಳಗೆ ಹೋಗಲೇಬಾರದು. ಮೀನು, ಮಾಂಸದ ರಸ ಚರ್ಮಕ್ಕೆ ಇಳಿದರೆ ಬಿಸಿನೀರಲ್ಲಿ ತೊಳೆಯಲೂ ಆಗುವುದಿಲ್ಲ, ಚರ್ಮ ಮುದುಡಿ ಗಟ್ಟಿಯಾಗುತ್ತದೆ. ಊಟದ ವಿಷಯ ಇದು, ಅಲ್ವಾ?

ಈಗ ನಾನು ಚರ್ಮ ಪರೀಕ್ಷೆ ಮಾಡುವ ರೀತಿ ಹೇಳುತ್ತೇನೆ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೇಲೆ ಬೇರೆಯೇ ಪೊರೆ ಗೆರೆಯ ಹಾಗೆ ಕಂಡರೆ ಬಿಟ್ಟುಬಿಡಿ. ಹೊಳಪಿನ ಕಡೆಯನ್ನು ಒಳಮುಖ ಮಾಡಿ ಬಗ್ಗಿಸಿ. ಒಳ್ಳೆ ಚರ್ಮದಲ್ಲಿ ಅಂಗೈ ಗೆರೆಯಂಥ ಸಣ್ಣ ಸುಕ್ಕು ಬೀಳುತ್ತದೆ, ಬಿಟ್ಟರೆ ಮಾಯವಾಗುತ್ತದೆ. ಬಳಿದ ಸ್ಪ್ಲಿಟ್‌ನಲ್ಲಿ ಒಂದೇ ದಪ್ಪ ಮಡಿಕೆ ಬಿದ್ದು ಉಳಿಯುತ್ತದೆ. ಒಂದು ಹನಿ ನೀರು ಹಾಕಿ. ಬಣ್ಣದ ಲೇಪ ಇಲ್ಲದ ವೆಜಿಟೆಬಲ್ ಟ್ಯಾನ್ ಚರ್ಮ ನೀರು ಕುಡಿದು ಅಲ್ಲೇ ಕಪ್ಪಾಗುತ್ತದೆ. ನನ್ನ ಆ ಹಾಳೆಯ ಮೇಲೆ ಹನಿ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉರುಳಿ ಬಿತ್ತು. ಕೊನೆಗೆ ಒಂದು ಚೂರು ಸುಟ್ಟು ನೋಡಿದೆ. ಮೇಲಿನ ಪೊರೆ ಕರಗಿ ಕಪ್ಪು ಗುಂಡು ಕಟ್ಟಿತು, ಕೆಳಗಿನದು ಕೂದಲು ಸುಟ್ಟ ವಾಸನೆ ಕೊಟ್ಟಿತು. ಬರೀ ರೆಕ್ಸಿನ್ ಆಗಿದ್ದರೆ ಕೂದಲಿನ ವಾಸನೆ ಬರುತ್ತಿರಲಿಲ್ಲ. ಸುಡುವ ಪರೀಕ್ಷೆಯೊಂದನ್ನೇ ನಂಬಿದ್ದರೆ ಇದು ಚರ್ಮ ಅಂತ ಪಾಸಾಗಿಬಿಡುತ್ತಿತ್ತು. ಅದಕ್ಕೇ ಎಲ್ಲವನ್ನೂ ಮಾಡಿ.

ಮಾರಿದವನಿಗೆ ಫೋಟೋ ಕಳಿಸಿದೆ. "ನೀವು ನೋಡಿದ ಮಾಲೇ ಕಳಿಸಿದ್ದೇವೆ" ಅಂದ. ಎರಡನೇ ಸಲ ಬರೆದಾಗ ಬ್ಲಾಕ್ ಮಾಡಿದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ವ್ಯಾಪಾರಕ್ಕೆ ಕೊಂಡ ಮಾಲಿಗೆ ಗ್ರಾಹಕ ಕಾಯ್ದೆ ಬರುವುದಿಲ್ಲ ಅಂತ ಕೆಲವರು ಹೆದರಿಸುತ್ತಾರೆ. 2019ರ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಗ್ರಾಹಕರೆಂದೇ ಲೆಕ್ಕ ಹಿಡಿಯುತ್ತಾರೆ. ನನ್ನ ಕಷ್ಟ ಬೇರೆ. ಬಿಲ್ಲಿನಲ್ಲಿ ಬರೀ "ಲೆದರ್ ಶೀಟ್" ಅಂತ ಇದೆ. ಫುಲ್ ಗ್ರೇನ್ ಅಂದಿದ್ದೆಲ್ಲ ಅವನು ಫೋನಿನಲ್ಲಿ ಹೇಳಿದ್ದು. ಯಾವ ಪದರ, ಯಾವ ಹದ, ಎಷ್ಟು ದಪ್ಪ, ಮೂರನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲ್ಲ ಅಂದವನ ಹತ್ತಿರ ಕೊಳ್ಳಬೇಡಿ.

ಹುಡುಗನಿಗೆ ದುಡ್ಡು ವಾಪಸ್ ಕೊಟ್ಟೆ. ಹೊಸ ರೋಲನ್ನೂ ಮಾಡಿ ಕೊಟ್ಟೆ. ಈ ಸಲ ಬೆಂಗಳೂರಿಗೆ ಹೋಗಿ, ಮುಟ್ಟಿ, ಮೂಸಿ, ಬಗ್ಗಿಸಿ ತಂದ ಚರ್ಮ. ಹೊರಗೆ ಮಾತ್ರ ಚರ್ಮ, ಒಳಗೆ ದಪ್ಪ ಕ್ಯಾನ್ವಾಸ್. ಆ ಕ್ಯಾನ್ವಾಸ್ ಬಟನ್ ಬಿಚ್ಚಿ ತೆಗೆದು ಒಗೆಯುವ ಹಾಗಿದೆ. ಪ್ರತಿ ಅಲಗಿಗೂ ಪ್ಲಾಸ್ಟಿಕ್ ಗಾರ್ಡ್ ಹಾಕಿದ ಮೇಲೆ ಅಳತೆ ತೆಗೆದೆ, ಹಾಗಾಗಿ ಬರಿ ಅಲಗು ಎಲ್ಲೂ ತಾಗುವುದಿಲ್ಲ. ಮೊನೆ ಕೂರುವ ತಳಕ್ಕೆ ಚರ್ಮದ ಎರಡನೇ ಪಟ್ಟಿ ಕೊಟ್ಟೆ. ಮೇಲಿಂದ ಮುಚ್ಚುವ ಅಗಲದ ಮಡಿಕೆ ಇರುವುದರಿಂದ ರೋಲ್ ತಲೆಕೆಳಗಾದರೂ ಚಾಕು ಜಾರುವುದಿಲ್ಲ. ಹೊಲಿಗೆ ಕೈಯಲ್ಲಿ ಹಾಕಿದೆ. ಚರ್ಮ ಚುಚ್ಚುವ ಆರೆಯಿಂದ ನಾಲ್ಕು ಮಿಲಿಮೀಟರಿಗೊಂದು ತೂತು, ಮೇಣ ಸವರಿದ ಒಂದೇ ದಾರ, ಅದರ ಎರಡು ತುದಿಗೂ ಸೂಜಿ. ಹೀಗೆ ಹೊಲಿದರೆ ಒಂದು ಕಡೆ ದಾರ ತುಂಡಾದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಬಕಲ್‌ಗಳು ಹಿತ್ತಾಳೆಯವು. ಕಬ್ಬಿಣದ್ದು ಹಾಕಬೇಡಿ, ಒದ್ದೆಯಾದಾಗ ಕಬ್ಬಿಣ ತಾಗಿದ ಕಡೆ ವೆಜಿಟೆಬಲ್ ಟ್ಯಾನ್ ಚರ್ಮ ನೀಲಿಗಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಇದು.

ಚಾಕುವಿನ ಬೆಲೆ ಕೊಡುತ್ತೇನೆ ಅಂದರೆ ಅವನು ಒಪ್ಪಲಿಲ್ಲ. ಕಲ್ಲಿನ ಮೇಲೆ ಎರಡು ದಿನ ಮಸೆದಿದ್ದಾನೆ. ಚುಕ್ಕೆಗಳು ಹೆಚ್ಚಿನವು ಹೋಗಿವೆ, ಅಂಚಿನ ಹತ್ತಿರ ಮೂರು ಕುಳಿ ಮಾತ್ರ ಉಳಿದಿವೆ. ಅಲ್ಲಿವರೆಗೂ ಅಲಗು ಸವೆದಾಗಲೇ ಅವು ಹೋಗುವುದು.

ಹೋದ ವಾರ ಚಿತ್ರದುರ್ಗದ ಪರಿಚಯದವರೊಬ್ಬರು ನನಗೊಂದು ವೀಡಿಯೋ ಕಳಿಸಿ, "ಮಾಲು ಚೆನ್ನಾಗಿದೆ, ತರಿಸಲಾ?" ಅಂತ ಕೇಳಿದರು. ಮಾರುವವನ ಹೆಸರು ಬೇರೆ, ನಂಬರ್ ಬೇರೆ. ಹಾಳೆ ಅದೇ, ಅದರ ಹಿಂದಿನ ಹಸಿರು ಗೋಡೆ ಅದೇ, ಬಗ್ಗಿಸುವ ಕೈಯಲ್ಲಿನ ಉಂಗುರವೂ ಅದೇ. ಬೆಲೆ ಮಾತ್ರ ಈಗ 140. ಹಾಳೆಯ ಹಿಂಭಾಗ, ಕತ್ತರಿಸಿದ ಅಂಚು, ಎರಡನ್ನೂ ಹತ್ತಿರದಿಂದ ತೋರಿಸಲು ಕೇಳಿ ಅಂದೆ. ಅವರು ಕೇಳಿದರು. ಇನ್ನೂ ಉತ್ತರ ಬಂದಿಲ್ಲ.