ನಾಲ್ಕು ಸ್ಟಾರ್, ಅದ್ರಾಗ ಎರಡು ಬರೇ ಐದು ನಿಮಿಷದ ಮೀಟಿಂಗಿಗಿ

ದವಾಖಾನಿ ಹೆಸರು ಬ್ಯಾಡ ಬಿಡ್ರಿ, ಕಲಬುರಗಿದು ಅಂದ್ರ ಸಾಕು. ಎಮರ್ಜೆನ್ಸಿ ವಿಭಾಗದ ಬಗ್ಗೆ ಅಷ್ಟೇ ಬರಿಯಾಕತ್ತೀನಿ.

ಕಾಕಾಗ ಎದಿ ನೋವು ಅಂತ ರಾತ್ರಿ ಕರ್ಕೊಂಡು ಹೋದ್ರ ಇಸಿಜಿ ಮಷಿನ್ನೇ ಇಲ್ಲ, ಮ್ಯಾಲಿನ ವಾರ್ಡಿಗಿ ಒಯ್ದಾರಂತ, ವಾರ್ಡ್ ಬಾಯ್ ಓಡಿ ಹೋಗಿ ಲಿಫ್ಟ್ ಕಾಯ್ಕೋತ ನಿಂತಾನ, ಇಲ್ಲಿ ನಮ್ಮ ಜೀವ ಬಾಯಿಗಿ ಬಂದದ. ಎದಿ ನೋವು ಅಂತ ಬಂದೋರಿಗಿ 10 ನಿಮಿಷದಾಗ ಇಸಿಜಿ ಆಗಬೇಕ್ರಿ, ಬ್ಲಾಕ್ ಆಗಿದ್ರ ತಡಾ ಆದಷ್ಟೂ ಹಾರ್ಟಿಗಿ ಡ್ಯಾಮೇಜ್ ಜಾಸ್ತಿ. ಪುಣ್ಯಾಕ ಕಾಕಾ ಪಾರಾದ.

ಕಾಕಾಗ ಐಸಿಯುಗೆ ಒಯ್ದ ಮ್ಯಾಲ ಡಾಕ್ಟರ್, ಸಿಸ್ಟರ್, ವಾರ್ಡ್ ಬಾಯ್ ಎಲ್ಲಾರೂ ಔಷಧ ಟ್ರಾಲಿ ಹತ್ರ ಸುತ್ತ ನಿಂತ್ರು. ಈಗ ಯಾರಿಗೋ ಬೈಗುಳ ಬೀಳ್ತಾವ ಅನಿಸ್ತು, ಆದ್ರ ದೊಡ್ಡ ಡಾಕ್ಟರ್ "ಏನು ಚಲೋ ಆತು, ಎಲ್ಲಿ ತಡಾ ಆತು ಹೇಳ್ರಿ" ಅಂದ್ರು, ಸಿಸ್ಟರ್ "ಮಷಿನ್ ಮ್ಯಾಲ ಒಯ್ಯೋಮುಂದ ನಮಗ ಯಾರೂ ಹೇಳಂಗಿಲ್ರಿ ಸರ್" ಅಂದ್ರು, ವಾರ್ಡ್ ಬಾಯ್‌ನೂ ರಾತ್ರಿ ಒಂದೇ ಲಿಫ್ಟ್ ನಡಿತದ ಅಂದ. ಒಬ್ರು ರಿಜಿಸ್ಟರ್‌ದಾಗ ಬರ್ಕೊಂಡ್ರು, ಮುಗೀತು. ಕೇಸ್ ಮುಗಿದ ಕೂಡ್ಲೇ ಅಲ್ಲೇ ನಿಂತು ಮಾಡೋ ಇಂಥ ಐದು ನಿಮಿಷದ ಮೀಟಿಂಗಿಗಿ ಹಾಟ್ ಡಿಬ್ರೀಫ್ ಅಂತಾರ. ಸ್ಕಾಟ್‌ಲೆಂಡ್‌ನ ಎಡಿನ್‌ಬರೋದಾಗಿನ ರಾಯಲ್ ಇನ್‌ಫರ್ಮರಿ ದವಾಖಾನಿ ಎಮರ್ಜೆನ್ಸಿದವ್ರು ಇದನ್ನೇ 'ಸ್ಟಾಪ್ 5' ಅಂತ ಒಂದು ಪದ್ಧತಿ ಮಾಡ್ಯಾರ: ಕೇಸ್ ಏನಿತ್ತು, ಏನು ಚಲೋ ಆತು, ಏನು ಸುಧಾರಿಸಬೇಕು, ಮುಂದ ಯಾರು ಏನು ಮಾಡಬೇಕು. ಕಡೀದು ಇಲ್ಲಂದ್ರ ಉಳಿದದ್ದು ಬರೇ ಹರಟಿ.

ಇಲ್ಲಿ ಆ ಕಡೀದೂ ಆಗ್ಯಾದ. ಆಮ್ಯಾಲ ಬಾಜೂ ಮನಿ ಅಜ್ಜಗ ಕರ್ಕೊಂಡು ಹೋದಾಗ ಇಸಿಜಿ ಮಷಿನ್ ಬಾಗಿಲ ಹತ್ರನೇ ಇತ್ತು, ಮ್ಯಾಲ ಕೆಂಪು ಟೇಪ್ ಹಚ್ಚಿ ಸ್ಕೆಚ್ ಪೆನ್‌ದಾಗ "ಹೊರಗ ಒಯ್ಯಬ್ಯಾಡ್ರಿ" ಅಂತ ಬರ್ದಿದ್ರು, ಅಜ್ಜ ಮಲ್ಕೊಳ್ಳೋದೇ ತಡಾ ಎದಿಗಿ ವೈರ್ ಹಚ್ಚಿದ್ರು. ಹೊಸಾ ಮಷಿನಿಲ್ಲ, ಹೊಸಾ ಡಾಕ್ಟರಿಲ್ಲ.

ಒಂದು ಸ್ಟಾರ್ ಯಾಕ ಕಟ್ ಅಂದ್ರ, ಆಕ್ಸಿಡೆಂಟ್ ಕೇಸ್ ಸಾಲಾಗಿ ಬಂದ ದಿನ ಈ ಮೀಟಿಂಗ್ ಆಗಂಗಿಲ್ಲಂತ, ಸಿಸ್ಟರೇ ಅಂದ್ರು. ಗಡಿಬಿಡಿ ಇದ್ದ ದಿನಾನೇ ಅಲ್ರೀ ತಪ್ಪಾಗೋದು, ಶಿಫ್ಟ್ ಬದ್ಲಿ ಆಗೋಮುಂದರೆ ಮಾಡ್ಲಿ. ಮತ್ತ ಹೊರಗ ನಿಂತ ಮನಿ ಮಂದಿಗಿ ಒಂದು ಮಾತೂ ಕೇಳಂಗಿಲ್ಲ, ಸ್ಟ್ರೆಚರ್ ಎಲ್ಲಿ ಸಿಗಬಿತ್ತು ಅಂತ ನಮಗೇ ಗೊತ್ತಿರ್ತದ. ಬಿಲ್ಲಿಂಗ್ ಕೌಂಟರಿಗಿ ನಾ ಸ್ಟಾರೇ ಕೊಡಂಗಿಲ್ಲ, ಚಿಲ್ಲರ ತಗೊಂಡೇ ಹೋಗ್ರಿ.