ವಿದ್ಯಾನಗರದ ಕೈಕೆಲಸದ ಉಡುಗೊರೆ ಅಂಗಡಿ: ಮೂರು ಸಲ ಹೋಗಿ ಬಂದ ಮೇಲೆ

ದಾವಣಗೆರೆಯಲ್ಲಿ ಗೃಹಪ್ರವೇಶಕ್ಕೋ ಕುಬಸಕ್ಕೋ ಕರೆ ಬಂದರೆ ನಮ್ಮ ಕಾಲು ತಾನಾಗಿಯೇ ಸ್ಟೀಲ್ ಪಾತ್ರೆ ಅಂಗಡಿಯತ್ತ ತಿರುಗುತ್ತದೆ. ಒಂದು ಡಬರಿಯನ್ನೋ ಊಟದ ತಟ್ಟೆಯನ್ನೋ ಆರಿಸಿ, ಅಂಚಿನ ಮೇಲೆ ಕೊಡುವವರ ಹೆಸರು ಮತ್ತು ತಾರೀಖನ್ನು ಕೊರೆಸಿಕೊಂಡು ಬಂದರೆ ಕೆಲಸ ಮುಗಿಯಿತು. ಹೆಸರು ಕೊರೆಸಲು ಮರೆತರೆ ಅದೇ ಪಾತ್ರೆ ಎರಡು ವರ್ಷದ ಬಳಿಕ ಮತ್ತೊಬ್ಬರ ಕೈಯಿಂದ ನಮ್ಮ ಮನೆಗೇ ಮುಯ್ಯಿಯಾಗಿ ಬರುವುದೂ ಉಂಟು. ಇಂಥ ಊರಿನಲ್ಲಿ, ಯುಗಾದಿಯ ಹಿಂದಿನ ವಾರ, ವಿದ್ಯಾನಗರದ ನಮ್ಮ ರಸ್ತೆಯಲ್ಲಿ ಕೈಕೆಲಸದ ಉಡುಗೊರೆಗಳನ್ನಷ್ಟೇ ಮಾರುವ ಸಣ್ಣ ಅಂಗಡಿಯೊಂದು ತೆರೆದಾಗ, ಇದು ದೀಪಾವಳಿಯವರೆಗೆ ಉಳಿದರೆ ದೊಡ್ಡದು ಎಂದು ನಾನೂ ಅಂದುಕೊಂಡಿದ್ದೆ. ಈ ಐದು ತಿಂಗಳಲ್ಲಿ ಮೂರು ಸಲ ಹೋಗಿ, ಒಟ್ಟು ನಾಲ್ಕು ವಸ್ತು ಕೊಂಡು, ಒಂದನ್ನು ಹಿಂದಿರುಗಿಸಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯ ಬೋರ್ಡಿನಲ್ಲಿ ‘ಸ್ಥಳೀಯ ಕೈಕೆಲಸ’ ಎಂಬ ಮಾತಿದೆ. ಸ್ಥಳೀಯ ಎಂದರೆ ಎಲ್ಲಿಯವರೆಗೆ ಎಂದು ಅಂಗಡಿ ನಡೆಸುವ ಅಕ್ಕನನ್ನು ಕೇಳಿದೆ. ‘ನಮ್ಮಪ್ಪನ ಕಾಲದ ಜಿಲ್ಲೆ ರೀ’ ಎಂದರು. ನಲವತ್ತು ದಾಟಿದವರಿಗೆ ಈ ಉತ್ತರ ತಟ್ಟನೆ ಅರ್ಥವಾಗುತ್ತದೆ: 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ನಾವೆಲ್ಲ ಚಿತ್ರದುರ್ಗದವರೇ ಆಗಿದ್ದೆವು, ಕಂಬಳಿಯ ಚಳ್ಳಕೆರೆಯೂ ರೇಷ್ಮೆಯ ಮೊಳಕಾಲ್ಮೂರೂ ಆಗ ಹೊರಗಿನ ಊರುಗಳಾಗಿರಲಿಲ್ಲ. ನ್ಯಾಮತಿ ಕಡೆಯ ತಾಂಡಾಗಳ ಲಂಬಾಣಿ ಕಸೂತಿ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಏಕೆಂದರೆ ಆ ಭಾಗ ನಮಗೆ ಬಂದದ್ದು ಶಿವಮೊಗ್ಗದಿಂದ. ಆದರೂ ಇಂದಿನ ಜಿಲ್ಲೆಯ ಒಳಗಿನದೇ ಆದ್ದರಿಂದ ಅದಕ್ಕೆ ಯಾರೂ ತಕರಾರು ಮಾಡಬೇಕಿಲ್ಲ. ನನ್ನ ತಕರಾರಿರುವುದು ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿರುವ ಚನ್ನಪಟ್ಟಣದ ಗೊಂಬೆಗಳ ಬಗ್ಗೆ. ಹಾಲೆ ಮರವನ್ನು ತಿರುಗಿಸಿ ಕಡೆಯುವ ಚರಕಿಗೆ ಕೊಟ್ಟು, ತಿರುಗುವ ಬಿಸಿಗೆ ಅರಗನ್ನು ಕರಗಿಸಿ ಬಣ್ಣ ಹಚ್ಚುವ ಆ ಕೆಲಸದ ಮೇಲೆ ನನಗೆ ಗೌರವವಿದೆ. ಆದರೆ ಸುಮಾರು ಮುನ್ನೂರು ಕಿಲೋಮೀಟರ್ ಆಚೆಯ ಊರಿನ ಗೊಂಬೆಯನ್ನು ಸ್ಥಳೀಯ ಎಂಬ ಬೋರ್ಡಿನ ಕೆಳಗೆ, ಅದೂ ಎಲ್ಲಕ್ಕಿಂತ ಮುಂದೆ, ಇಡುವುದು ಸರಿಯಲ್ಲ. ಮಕ್ಕಳು ಒಳಗೆ ಬರುವುದೇ ಅದನ್ನು ನೋಡಿ ಎಂಬ ಅವರ ಸಮಜಾಯಿಷಿ ವ್ಯಾಪಾರದ ದೃಷ್ಟಿಯಿಂದ ನಿಜವಿರಬಹುದು. ಹಾಗಿದ್ದರೆ ಕಪಾಟಿನ ಮೇಲೆ ಊರಿನ ಹೆಸರನ್ನಾದರೂ ಬರೆಯಲಿ.

ಅಂಗಡಿಯ ನಿಜವಾದ ಬಂಡವಾಳ ಹಿಂದಿನ ಗೋಡೆಗೆ ಮಡಚಿಟ್ಟ ಕಂಬಳಿಗಳು. ನಾನು ಮೊದಲು ಕೊಂಡದ್ದೂ ಅದನ್ನೇ, ಸೋದರತ್ತೆಯ ಹೊಸ ಮನೆಗೆ. ಬಣ್ಣ ಹಾಕದ ಕರಿ ಉಣ್ಣೆ. ಕುರಿಯ ಮೈಮೇಲೆ ಇದ್ದ ಕಪ್ಪೇ ಕಂಬಳಿಯ ಕಪ್ಪು. ಬಿಡಿಸಿದಾಗ ಅದು ಬಟ್ಟೆಯಂತೆ ಜಾರಲಿಲ್ಲ, ಹಲಗೆಯಂತೆ ಬಿರುಸಾಗಿ ನಿಂತಿತು. ಬೆರಳಿನಿಂದ ಉಜ್ಜಿದರೆ ಬಿಳುಪಾದ ಪುಡಿ ಅಂಟುತ್ತಿತ್ತು. ಮೂಗಿಗೆ ಹಿಡಿದರೆ ಉಣ್ಣೆಯ ವಾಸನೆಯ ಜೊತೆಗೆ ಹುರಿದ ಕಾಳಿನ ಘಾಟು. ಹುಣಸೆ ಬೀಜವನ್ನು ಹುರಿದು, ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ನೇಯುವ ಮೊದಲು ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ, ನೂಲಿಗೆ ಬಳಿಯುವುದರಿಂದ ಈ ಬಿರುಸು ಬರುತ್ತದೆ; ಗುಂಡಿ ಮಗ್ಗದ ಎಳೆತಕ್ಕೆ ಒರಟು ಉಣ್ಣೆ ಹರಿಯದೆ ನಿಲ್ಲುವುದು ಆ ಗಂಜಿಯ ಬಲದಿಂದಲೇ. ಇದನ್ನರಿಯದ ಗಿರಾಕಿ, ಕಂಬಳಿ ಚುಚ್ಚುತ್ತದೆ, ಹಳೆಯ ಮಾಲು ಎಂದು ಬಿಟ್ಟು ಹೋಗುವ ಸಂಭವ ಹೆಚ್ಚು. ‘ಒಂದೆರಡು ದಿನ ಬಿಸಿಲಿಗೆ ಹಾಕ್ರಿ, ಒಮ್ಮೆ ಕೊಡವ್ರಿ, ಹೊದ್ದಂಗೆಲ್ಲ ಮೆತ್ತಗಾಗ್ತದೆ’ ಎಂದು ಅಕ್ಕ ಬಾಯಲ್ಲಿ ಹೇಳಿದರು. ಬಾಯಲ್ಲಿ ಹೇಳಿದ್ದು ಕೊಂಡ ನನಗೆ ತಲುಪಿತೇ ಹೊರತು ಉಡುಗೊರೆ ಪಡೆದ ಮನೆಗೆ ತಲುಪಲಿಲ್ಲ. ಅತ್ತೆಯ ಸೊಸೆ ಅದನ್ನು ನೇರವಾಗಿ ವಾಷಿಂಗ್ ಮಷೀನಿಗೆ ಹಾಕಲು ಹೊರಟಿದ್ದಳು. ಕಂಬಳಿಯೊಂದಿಗೆ ನಾಲ್ಕು ಸಾಲಿನ ಚೀಟಿಯನ್ನು ಇಡುವುದು ಈ ಅಂಗಡಿ ಮಾಡಬೇಕಾದ ಮೊದಲ ತಿದ್ದುಪಡಿ. ಅತ್ತೆಯಂತೂ ಕಂಬಳಿಯನ್ನು ಕಂಡು, ‘ಗದ್ದುಗೆಗೆ ಹಾಸಾಕೆ ಇಂಥದ್ದೇ ಬೇಕಿತ್ತು’ ಎಂದು ದೇವರ ಕೋಣೆಗೆ ಒಯ್ದರು. ಎರಡು ಸಾವಿರದ ನಾನೂರು ರೂಪಾಯಿ ಕೊಟ್ಟದ್ದಕ್ಕೆ ನನಗೆ ಬೇಸರವಾಗಲಿಲ್ಲ.

ಬೇಸರವಾದದ್ದು ಕೌದಿಯ ವಿಷಯದಲ್ಲಿ. ತಂಗಿಯ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆಂದು ಚಿಕ್ಕ ಕೌದಿಯೊಂದನ್ನು ತಂದಿದ್ದೆ. ಹೊಲಿಗೆ ನೋಡುವಂತಿತ್ತು: ಅಂಚಿನಿಂದ ಆರಂಭಿಸಿ ಒಳಗೊಳಗೆ ಸುತ್ತುತ್ತಾ ನಡುವಿಗೆ ಬಂದು ಮುಟ್ಟುವ ಸಾಲುಗಳು, ಸಾಲಿನಿಂದ ಸಾಲಿಗೆ ಅರ್ಧ ಬೆರಳಿಗಿಂತ ಹೆಚ್ಚು ಅಂತರವಿಲ್ಲ. ಆದರೆ ಮೊದಲ ತೊಳೆತಕ್ಕೆ ಕೆಂಪು ತುಂಡಿನ ಬಣ್ಣ ಬಿಟ್ಟು ಬಿಳಿಯ ಭಾಗವೆಲ್ಲ ಗುಲಾಬಿಯಾಯಿತು. ಹಳೆಯ ಸೀರೆಗಳಿಂದ ಮಾಡಿದ ಕೌದಿಯಲ್ಲಿ ಬಣ್ಣ ಬಿಡುವ ಭಯ ಕಡಿಮೆ, ಬಿಡುವಷ್ಟನ್ನು ಅವು ಎಂದೋ ಬಿಟ್ಟಿರುತ್ತವೆ. ಇಲ್ಲಿ ಹೊಸ ಬಟ್ಟೆಯ ತುಂಡುಗಳನ್ನು ತೊಳೆಯದೆಯೇ ಹೊಲಿದಿದ್ದರು. ಹಿಂದಿರುಗಿಸಲು ಹೋದಾಗ ಅಕ್ಕ ವಾದಕ್ಕೆ ಇಳಿಯಲಿಲ್ಲ. ಹಣ ವಾಪಸು ಕೊಟ್ಟು, ಇನ್ನು ಮುಂದೆ ತುಂಡುಗಳನ್ನು ನೀರಿಗೆ ಹಾಕಿಯೇ ಹೊಲಿಗೆಗೆ ಕೊಡುವುದಾಗಿ ಹೇಳಿದರು. ಹೊಲಿದ ಹೆಂಗಸಿನ ಕೂಲಿಯನ್ನು ಹಿಡಿಯುತ್ತೀರಾ ಎಂದು ಕೇಳಿದ್ದಕ್ಕೆ, ಬಟ್ಟೆ ಕೊಟ್ಟವಳು ತಾನು, ತಪ್ಪು ತನ್ನದು ಎಂದರು. ಮಾಲನ್ನು ಮಾರಾಟವಾದ ಮೇಲೆ ಹಣ ಎಂಬ ಕರಾರಿನಲ್ಲಿ ಇಟ್ಟುಕೊಳ್ಳದೆ, ತರುವಾಗಲೇ ಎಣಿಸಿ ಕೊಡುತ್ತಾರಂತೆ. ಅಂಗಡಿಯಲ್ಲಿ ಮಾಲು ಕಡಿಮೆ, ಒಂದೊಂದರಲ್ಲಿ ಎರಡು ಮೂರಷ್ಟೇ ಇರುವುದಕ್ಕೆ ಕಾರಣವೂ ಇದೇ. ಆಯ್ಕೆ ಸಾಲದು ಎಂದು ಗೊಣಗುತ್ತಿದ್ದ ನಾನು ಇದನ್ನು ಕೇಳಿದ ಮೇಲೆ ಗೊಣಗುವುದನ್ನು ನಿಲ್ಲಿಸಿದೆ.

ಉಳಿದವುಗಳಲ್ಲಿ ಮೊಳಕಾಲ್ಮೂರು ರೇಷ್ಮೆಯ ಬಟುವ ಮತ್ತು ರವಿಕೆ ಕಣಗಳು ಚೆನ್ನಾಗಿವೆ. ಸೀರೆ ಇಟ್ಟಿಲ್ಲ, ಇಡದಿರುವುದೇ ಜಾಣತನ. ಲಂಬಾಣಿ ಕಸೂತಿಯ ಚೀಲದಲ್ಲಿ ಕವಡೆ, ಕನ್ನಡಿಗಳನ್ನು ಎಳೆದು ನೋಡಿ ಕೊಳ್ಳಿ. ನಾನು ತಂದದ್ದು ಗಟ್ಟಿಯಾಗಿಯೇ ಇದೆ. ಮಣ್ಣಿನ ದೀಪಗಳು ಸಾಧಾರಣ, ಸಂತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆ.

ಬೆಲೆಯ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ನಮ್ಮಲ್ಲಿ ಬಂಧುಗಳಲ್ಲದ ಪರಿಚಯಸ್ಥರ ಮನೆಯ ಶುಭಕಾರ್ಯಕ್ಕೆ ಕೊಡುವ ಉಡುಗೊರೆ ಮುನ್ನೂರರಿಂದ ಐನೂರರ ಒಳಗೆ ಮುಗಿಯುತ್ತದೆ, ಮತ್ತು ಅಂಥ ಕರೆಗಳೇ ಹೆಚ್ಚು. ಈ ಅಂಗಡಿಯಲ್ಲಿ ನೂರೈವತ್ತರ ಬಟುವ ಇದೆ, ಸಾವಿರದ ಇನ್ನೂರರ ಕೌದಿ ಇದೆ; ನಡುವೆ ಬಯಲು. ಕಂಬಳಿಯ ಉಣ್ಣೆಯಿಂದಲೇ ಕೂರುವ ಸಣ್ಣ ಆಸನವನ್ನು ನೇಯಿಸಿದರೆ ಆ ಬಯಲು ತುಂಬುತ್ತದೆ, ಗದ್ದುಗೆಯ ಕಂಬಳಿ ಕೊಳ್ಳಲಾಗದವರಿಗೂ ಅದು ಒದಗುತ್ತದೆ. ಜೊತೆಗೆ ಸ್ಟೀಲ್ ಅಂಗಡಿಯವನು ಮಾಡುವ ಒಂದು ಸೇವೆ ಇಲ್ಲಿ ಇಲ್ಲ: ಹೆಸರು. ಮೂಲೆಯಲ್ಲಿ ದಾರದಿಂದ ಹೆಸರು ಹೊಲಿಸಿಕೊಡುವ ಏರ್ಪಾಡು ಮಾಡಿದರೆ, ಮುಯ್ಯಿಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವ ಈ ಊರಿನ ಜನ ಖಂಡಿತ ಒಳಗೆ ಬರುತ್ತಾರೆ. ಹತ್ತಿ ಗಿರಣಿಗಳ ದಿನಗಳಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿಗೆ ನೂಲಿನ ಬೆಲೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕೈಗೆ ಎಟಕುವಂತೆ ಇಡಬೇಕು, ಅಷ್ಟೆ.

ಪ್ಯಾಕಿಂಗಿಗೆ ಪ್ಲಾಸ್ಟಿಕ್ ಬಳಸುವುದಿಲ್ಲ, ಹತ್ತಿ ಬಟ್ಟೆಯಲ್ಲಿ ಕಟ್ಟಿಕೊಡುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಮುಚ್ಚಿರುತ್ತದೆ, ಆ ವೇಳೆಗೆ ಹೋಗಿ ನಾನೊಮ್ಮೆ ಬಿಸಿಲಲ್ಲಿ ನಿಂತಿದ್ದೇನೆ.

ಮೊನ್ನೆ ಹೋದಾಗ ಗೌರಿ ಹಬ್ಬದ ಬಾಗಿನಕ್ಕೆ ಬಿದಿರಿನ ಮೊರಗಳನ್ನು ಕೇಳಿದೆ. ಇಟ್ಟಿರಲಿಲ್ಲ, ಮೇದಾರರಿಂದ ಮಾಡಿಸಿ ತರಿಸುತ್ತೇನೆ ಎಂದರು. ನಾಲ್ಕು ಜೋಡಿಗೆ ಹೇಳಿ ಇನ್ನೂರು ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ. ಅಳತೆ ಎಷ್ಟು ಎಂದದ್ದಕ್ಕೆ ನಾನು ಇಂಚಿನಲ್ಲಿ ಹೇಳಿದೆ. ಅವರು ತಮ್ಮ ಗೇಣನ್ನು ಮೇಜಿನ ಮೇಲೆ ಇಟ್ಟು ನೋಡಿ, ಚೀಟಿಯಲ್ಲಿ ‘ಒಂದೂವರೆ ಗೇಣು’ ಎಂದು ಬರೆದುಕೊಂಡರು.