ಉಪನ್ಯಾಸಕ್ಕೋ, ವಿಚಾರ ಸಂಕಿರಣಕ್ಕೋ, ಕಾರ್ಯಾಗಾರಕ್ಕೋ?

ವಿಶ್ವವಿದ್ಯಾಲಯದ ಸೂಚನಾ ಫಲಕದಲ್ಲಿ ಮೂರರ ಪ್ರಕಟಣೆಯೂ ಒಂದೇ ರೀತಿ ಕಾಣುತ್ತದೆ. ಒಳಗಿನ ಹದ ಮಾತ್ರ ಬೇರೆ ಬೇರೆ.

ವಿಷಯ ನಿಮಗೆ ಹೊಸದೇ? ಸಾರ್ವಜನಿಕ ಉಪನ್ಯಾಸಕ್ಕೆ ಹೋಗಿ. ಸುಮಾರು ಒಂದು ಗಂಟೆಯ ಮಾತು, ಕೊನೆಗೆ ಪ್ರಶ್ನೋತ್ತರ, ಪೂರ್ವಸಿದ್ಧತೆ ಬೇಕಿಲ್ಲ. ಪ್ರಶ್ನೆ ಕೇಳುವ ನೆಪದಲ್ಲಿ ತಮ್ಮದೇ ಭಾಷಣ ಬಿಗಿಯುವವರೊಬ್ಬರು ಇದ್ದೇ ಇರುತ್ತಾರೆ, ಸಹಿಸಿಕೊಳ್ಳಬೇಕು.

ವಿಭಾಗದೊಳಗಿನ ವಿಚಾರ ಸಂಕಿರಣದ ಗತ್ತೇ ಬೇರೆ. 18ನೇ ಶತಮಾನದ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಈ ಪದ್ಧತಿಯ ಜೀವಾಳವೇ ವಾದ. ಮಂಡಿಸುವವರು ಮೂರನೆಯ ಸ್ಲೈಡಿಗೆ ಬಂದಿರುತ್ತಾರೆ. ಹಿಂದಿನ ಸಾಲಿನಿಂದ ಯಾರೋ ‘ಈ ಮಾದರಿಗೆ ಇಷ್ಟೇ ಜನರನ್ನು ಏಕೆ ಆರಿಸಿದಿರಿ?’ ಎನ್ನುತ್ತಾರೆ. ಉಳಿದ ಹೊತ್ತೆಲ್ಲ ಅಲ್ಲೇ ಕಳೆದರೂ ಆಶ್ಚರ್ಯವಿಲ್ಲ. ಇನ್ನೂ ಪ್ರಕಟವಾಗದ, ಅರೆಬೆಂದ ಸಂಶೋಧನೆಯನ್ನು ಹೀಗೆ ಹತ್ತಿರದಿಂದ ನೋಡುವ ಅವಕಾಶ ಬೇರೆಡೆ ಅಪರೂಪ. ಪ್ರಬಂಧವನ್ನು ಮೊದಲೇ ಹಂಚಿದ್ದರೆ ಓದಿಕೊಂಡು ಹೋಗಿ, ಇಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ. ಸಂಶೋಧನೆಗೆ ಇಳಿಯುವ ಯೋಚನೆಯಿದ್ದವರಿಗೆ ನನ್ನ ಮತ ಇದಕ್ಕೇ.

ಕಾರ್ಯಾಗಾರ ಕೈಕೆಲಸದ ಜಾಗ: ದತ್ತಾಂಶ ವಿಶ್ಲೇಷಣೆ, ಹಸ್ತಪ್ರತಿ ಸಂರಕ್ಷಣೆಯಂಥವು. ಸೀಟು ಕಡಿಮೆ, ನೋಂದಣಿ ಬೇಕು, ಕೆಲವೊಮ್ಮೆ ಶುಲ್ಕವೂ ಇರುತ್ತದೆ. ತಂತ್ರಾಂಶವನ್ನು ಹಿಂದಿನ ದಿನವೇ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಮೊದಲ ಅವಧಿ ಅದರಲ್ಲೇ ಮುಗಿದುಹೋಗುವುದುಂಟು. ನೋಂದಾಯಿಸುವ ಮುನ್ನ ವೇಳಾಪಟ್ಟಿಯನ್ನೂ ನೋಡಿ. ಉದ್ಘಾಟನೆ, ಸನ್ಮಾನ, ಭಾಷಣಗಳ ನಡುವೆ ಅಭ್ಯಾಸಕ್ಕೆ ಒಂದೇ ಗಂಟೆ ಉಳಿದಿದ್ದರೆ ಪ್ರಮಾಣಪತ್ರದ ಆಸೆಗೆ ದಿನವನ್ನು ಹಾಳುಮಾಡಿಕೊಳ್ಳಬೇಡಿ.